ಊರು ಪಟ್ಟಣವಾದಾಗ ಸಭೆ ಎಲ್ಲಿಗೆ ಹೋಯಿತು?

ಕೃಷ್ಣೆಯ ಸೀಮೆಯಲ್ಲಿ ಉಗಾರವೆಂಬ ಹೆಸರಿನ ಊರುಗಳು ಎರಡು. ಒಂದು ಉಗಾರ ಬುದ್ರುಕ, ಇನ್ನೊಂದು ಉಗಾರ ಖುರ್ದ. ಬುದ್ರುಕವೆಂಬುದು ಪಾರಸಿಯ 'ಬುಜುರ್ಗ' ಶಬ್ದದಿಂದ ಬಂದದ್ದು. ಹಿರಿದು, ದೊಡ್ಡದು ಎಂದು ಅದರ ಅರ್ಥ. ಖುರ್ದವೆಂದರೆ ಕಿರಿದು. ಒಂದೇ ಹೆಸರಿನ ಎರಡು ಊರುಗಳನ್ನು ಬೇರ್ಪಡಿಸಲು ಹಳೆಯ ಕಂದಾಯ ದಫ್ತರಗಳಲ್ಲಿ ಹೀಗೆ ಬರೆಯುವುದು ನಮ್ಮ ಗಡಿಸೀಮೆಯಲ್ಲಿಯೂ ನೆರೆಯ ಮಹಾರಾಷ್ಟ್ರದಲ್ಲಿಯೂ ರೂಢಿಯಾಗಿತ್ತು. ಆದರೆ ಕಾಲವು ದಫ್ತರದ ಮಾತನ್ನು ಕೇಳುವುದಿಲ್ಲ. ರೈಲು ನಿಲ್ದಾಣವು ಖುರ್ದದ ಪಾಲಿಗೆ ಬಂದಿತು. 1939ರಲ್ಲಿ ಸ್ಥಾಪನೆಯಾದ ಉಗಾರ ಶುಗರ್ ವರ್ಕ್ಸ್ ಅಲ್ಲಿಯೇ ನೆಲೆಯೂರಿತು. ಕಬ್ಬಿನ ಬೆನ್ನು ಹತ್ತಿ ಜನ ಬಂದರು, ಅಂಗಡಿ ಸಾಲು ಬೆಳೆಯಿತು, ಚಾಳುಗಳು ಎದ್ದವು. ಕೊನೆಗೆ 'ಕಿರಿಯ' ಉಗಾರವು ಪುರಸಭೆಯಾಯಿತು. 'ಹಿರಿಯ' ಉಗಾರವು ಗ್ರಾಮ ಪಂಚಾಯತಿಯಾಗಿಯೇ ಉಳಿಯಿತು. 2021ರ ಡಿಸೆಂಬರ್ ತಿಂಗಳಲ್ಲಿ ಉಗಾರ ಖುರ್ದ, ಹಾರೂಗೇರಿ, ಮುಗಳಖೋಡ ಪುರಸಭೆಗಳಿಗೂ ಐನಾಪುರ, ಶೇಡಬಾಳ, ಚಿಂಚಲಿ, ಬೋರಗಾಂವ, ಯಕ್ಸಂಬಾ ಮೊದಲಾದ ಪಟ್ಟಣ ಪಂಚಾಯತಿಗಳಿಗೂ ಚುನಾವಣೆ ನಡೆದುದನ್ನು ಈ ಭಾಗದ ವಾಚಕರು ಬಲ್ಲರು. ನಾವು ಚಿಕ್ಕವರಿದ್ದಾಗ ಇವೆಲ್ಲ ಹಳ್ಳಿಗಳು.

ಹಳ್ಳಿಯು ಪಟ್ಟಣವಾಗುವುದನ್ನು ನಾವು ಅಭಿವೃದ್ಧಿಯೆಂದು ಎಣಿಸುತ್ತೇವೆ. ಅದು ತಪ್ಪಲ್ಲ. ಬೀದಿದೀಪ, ನಳದ ನೀರು, ಕಸದ ಗಾಡಿ, ಒಳಚರಂಡಿ, ಇವೆಲ್ಲ ಬೇಕಾದವುಗಳೇ. ಆದರೆ ಪಟ್ಟಣವಾಗುವ ಊರು ಕೆಲವನ್ನು ಕಳೆದುಕೊಳ್ಳುವುದೂ ಉಂಟು. ಮನೆಪಟ್ಟಿ ಏರುವುದೆಂದು ಜನ ಗೊಣಗುತ್ತಾರೆ. ಗ್ರಾಮೀಣ ಉದ್ಯೋಗ ಖಾತರಿಯ ಕೆಲಸ ಪಟ್ಟಣದ ಎಲ್ಲೆಯೊಳಗೆ ಬರುವುದಿಲ್ಲವೆಂದು ಕೂಲಿಕಾರರು ಕಳವಳಪಡುತ್ತಾರೆ. ಇವೆರಡೂ ಕಣ್ಣಿಗೆ ಕಾಣುವ ನಷ್ಟಗಳು. ಕಣ್ಣಿಗೆ ಕಾಣದೆ ಹೋಗುವ ಮೂರನೆಯ ನಷ್ಟವೊಂದಿದೆ. ಅದು ಗ್ರಾಮಸಭೆ.

ಕೆಲವು ವರ್ಷಗಳ ಹಿಂದೆ, ಶ್ರಾವಣ ಮಾಸದ ಪ್ರವಚನದ ನಿಮಿತ್ತ ಹೀಗೆಯೇ ಹೊಸದಾಗಿ ಪಟ್ಟಣವಾದ ಒಂದು ಊರಿಗೆ ನಾವು ಹೋಗಿದ್ದೆವು. ಪ್ರಸಾದವಾದ ಮೇಲೆ ತಾಯಿಯೊಬ್ಬರು ಬಂದು ಕೇಳಿದ ಮಾತನ್ನು ಅವರ ನುಡಿಯಲ್ಲಿಯೇ ಬರೆಯುತ್ತೇವೆ: "ಅಪ್ಪಾರ, ಮೊದಲ ನಮ್ಮೂರಾಗ ಗ್ರಾಮಸಭಾ ಆಗತಿತ್ತು. ಎದ್ದ ನಿಂತು ಕೇಳತಿದ್ವಿ. ಈಗ ಊರು ಪಟ್ಟಣ ಆತು. ನಮ್ಮ ಓಣಿ ಗಟಾರದ ಮಾತು ಎಲ್ಲಿ ಹೇಳೂದು?" ನಿಮ್ಮ ವಾರ್ಡಿನ ಸದಸ್ಯರಿಗೆ ಹೇಳಿರೆಂದೆವು. "ಅವರಿಗೆ ಹೇಳಬೇಕಂದ್ರ ಅವರ ಮನೀಗೆ ಹೋಗಬೇಕ್ರಿ. ಸಭಾ ಅಂದ್ರ ಅವರ ನಮ್ಮ ಕಡೆ ಬರತಿದ್ರು" ಎಂದು ಆ ತಾಯಿ ನಕ್ಕರು. ಶಾಸ್ತ್ರವನ್ನು ಓದಿದವರಿಗೆ ತಿಳಿಯದ ಭೇದವನ್ನು ಅವರು ಎರಡು ಮಾತಿನಲ್ಲಿ ಹೇಳಿದ್ದರು. ಮನೆಗೆ ಹೋಗಿ ಕೇಳುವುದು ಬೇಡಿಕೆ. ಸಭೆಯಲ್ಲಿ ಎದ್ದು ಕೇಳುವುದು ಹಕ್ಕು.

ಈ ಹಕ್ಕು ನಮ್ಮ ನಾಡಿಗೆ ಹೇಗೆ ಬಂದಿತೆಂಬುದನ್ನು ತುಸು ಸ್ಮರಿಸಬೇಕು. ಅಬ್ದುಲ್ ನಜೀರ್ ಸಾಬರು ಸಚಿವರಾಗಿದ್ದಾಗ ರೂಪುಗೊಂಡ 1983ರ ಕಾನೂನು ಜಿಲ್ಲಾ ಪರಿಷತ್ತುಗಳನ್ನೂ ಮಂಡಲ ಪಂಚಾಯತಿಗಳನ್ನೂ ತಂದಿತು. 1987ರಲ್ಲಿ ಅವುಗಳಿಗೆ ಚುನಾವಣೆಯಾಯಿತು. ಕೊಳವೆಬಾವಿಗಳನ್ನು ಕೊರೆಯಿಸಿ 'ನೀರ್ ಸಾಬ್' ಎಂದು ಹೆಸರಾದ ಆ ಪುಣ್ಯಾತ್ಮರು ಕುಡಿಯುವ ನೀರಿನೊಡನೆ ಅಧಿಕಾರವನ್ನೂ ಹಳ್ಳಿಯ ಬಾಗಿಲಿಗೆ ತರಲು ಹವಣಿಸಿದರು. ತರುವಾಯ ಸಂವಿಧಾನದ 73ನೆಯ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂದು, ಗ್ರಾಮಸಭೆಗೆ ಸಂವಿಧಾನದಲ್ಲಿಯೇ ಸ್ಥಾನ ದೊರೆಯಿತು. ನಮ್ಮ ರಾಜ್ಯದ 1993ರ ಪಂಚಾಯತ್ ರಾಜ್ ಕಾನೂನು, ಅದಕ್ಕೆ ತರುವಾಯ ಬಂದ ತಿದ್ದುಪಡಿಗಳು ಸೇರಿ, ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆಯೂ ಅದಕ್ಕಿಂತ ಚಿಕ್ಕದಾದ ವಾರ್ಡ ಸಭೆಯೂ ಸೇರಬೇಕೆಂದು ವಿಧಿಸಿದವು. ಮತದಾರರ ಯಾದಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಅದರ ಸದಸ್ಯರು. ಯಾರೂ ಅವರನ್ನು ನೇಮಿಸಬೇಕಾಗಿಲ್ಲ, ಯಾರೂ ಅವರನ್ನು ತೆಗೆದುಹಾಕಲಾರರು. ಮನೆ ಯಾರಿಗೆ ಮಂಜೂರಾಗಬೇಕು, ಮೊದಲು ಯಾವ ರಸ್ತೆಯಾಗಬೇಕು ಎಂಬುದರಲ್ಲಿ ಆ ಸಭೆಗೆ ಮಾತಿದೆ. ವರ್ಷಕ್ಕೊಮ್ಮೆ ಜಮಾಬಂದಿಯೆಂದು ಪಂಚಾಯತಿಯ ಲೆಕ್ಕ ಮತ್ತು ಕಾಮಗಾರಿಗಳನ್ನು ಜನರ ಮುಂದೆ ಪರಿಶೀಲಿಸುವ ಏರ್ಪಾಡೂ ಇದೆ.

ಇದೇ 1993ರ ಜೂನ್ 1ರಂದು ಪಟ್ಟಣಗಳಿಗೆ ಸಂಬಂಧಿಸಿದ 74ನೆಯ ತಿದ್ದುಪಡಿ ಜಾರಿಗೆ ಬಂದಿತು. ಒಂದೇ ತಾಯಿಯ ಎರಡು ಮಕ್ಕಳೆಂದು ಇವನ್ನು ಹೇಳುವುದುಂಟು. ಆದರೆ ಎರಡನೆಯ ಮಗುವಿಗೆ ತಾಯಿ ಒಂದನ್ನು ಕೊಡಲು ಮರೆತಳು. ಗ್ರಾಮಸಭೆಯಂತಹ, ಮತದಾರರೆಲ್ಲರೂ ಕೂಡುವ ಸಭೆ ಪಟ್ಟಣಗಳ ಅಧ್ಯಾಯದಲ್ಲಿ ಇಲ್ಲ. ಅದರ ಬದಲು ವಾರ್ಡ ಸಮಿತಿಯೆಂಬುದು ಬಂದಿತು. ಅದೂ ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಿಗೆ ಮಾತ್ರ ಕಡ್ಡಾಯ. ಬೆಳಗಾವಿ, ಹುಬ್ಬಳ್ಳಿ-ಧಾರವಾಡಗಳಿಗೆ ಅದು ಸಲ್ಲುತ್ತದೆ. ಉಗಾರ ಖುರ್ದ, ಅಥಣಿ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿಗಳು ಆ ಎಣಿಕೆಗೆ ಎಟಕುವಂಥವಲ್ಲ. ಹೀಗಾಗಿ ಹಳ್ಳಿಯವನಿಗೆ ಗ್ರಾಮಸಭೆಯಿದೆ, ಮಹಾನಗರದವನಿಗೆ ಕಾಗದದ ಮೇಲಾದರೂ ವಾರ್ಡ ಸಮಿತಿಯಿದೆ, ನಡುವಿನ ಸಣ್ಣ ಪಟ್ಟಣದವನಿಗೆ ಸಂವಿಧಾನವು ಅಷ್ಟು ಖಚಿತವಾದ ಆಸನವನ್ನು ಹಾಕಿಕೊಡಲಿಲ್ಲ. ಬುದ್ರುಕದ ರೈತನು ಎದ್ದು ನಿಂತು ಕೇಳಬಲ್ಲ ಪ್ರಶ್ನೆಯನ್ನು ನೆರೆಯ ಖುರ್ದದ ಅಂಗಡಿಕಾರನು ಅರ್ಜಿ ಬರೆದು ಕೊಡಬೇಕಾಗುತ್ತದೆ. ಹೆಸರಿನಲ್ಲಿದ್ದ ಹಿರಿತನವು ಈ ಒಂದು ವಿಷಯದಲ್ಲಾದರೂ ಬುದ್ರುಕಕ್ಕೆ ಉಳಿದಿದೆಯೆಂದು ನಮಗೆ ತೋರುತ್ತದೆ.

ಇದಕ್ಕೆ ಬೇರೆ ದಾರಿಯೇ ಇಲ್ಲವೆ? ಇದೆ, ಅದೂ ದೂರದಲ್ಲಿಲ್ಲ. ನೆರೆಯ ಕೇರಳವು 1994ರ ತನ್ನ ಪೌರಸಭಾ ಕಾನೂನಿನಲ್ಲಿ ಸಣ್ಣ ಪಟ್ಟಣಗಳನ್ನು ಮರೆಯಲಿಲ್ಲ. ಅಲ್ಲಿ ಒಂದು ಲಕ್ಷವನ್ನು ಮೀರದ ಪಟ್ಟಣಗಳ ಪ್ರತಿಯೊಂದು ವಾರ್ಡಿಗೂ ವಾರ್ಡ ಸಭೆಯಿದೆ. ಆ ವಾರ್ಡಿನ ಮತದಾರರೆಲ್ಲರೂ ಅದರ ಸದಸ್ಯರು. ನಗರ ದೊಡ್ಡದಾದರೆ ಮಾತ್ರ ವಾರ್ಡ ಸಮಿತಿ. 1996ರಲ್ಲಿ ಆರಂಭವಾದ ಜನಕೀಯ ಯೋಜನಾ ಆಂದೋಲನದಲ್ಲಿ ಆ ರಾಜ್ಯವು ತನ್ನ ಯೋಜನಾ ಹಣದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚನ್ನು ಸ್ಥಳೀಯ ಸಂಸ್ಥೆಗಳಿಗೆ ಒಪ್ಪಿಸಿತು. ಕೈಯಲ್ಲಿ ಹಣವಿಲ್ಲದ ಸಭೆಗೆ ಯಾರು ಬರುತ್ತಾರೆ? ಕಾಸರಗೋಡಿನ ಪೌರಸಭೆಯಲ್ಲಿ ವಾಸಿಸುವ ನಮ್ಮ ಕನ್ನಡ ಬಾಂಧವರು, ಭಾಷೆಯ ವಿಷಯದಲ್ಲಿ ಎಷ್ಟೇ ನೋವುಂಡಿದ್ದರೂ, ಈ ಒಂದು ವಿಷಯದಲ್ಲಿ ಉಗಾರ ಖುರ್ದದ ಕನ್ನಡಿಗನಿಗಿಂತ ಮುಂದಿದ್ದಾರೆ. ಅವರಿಗೆ ಅವರ ವಾರ್ಡಿನಲ್ಲಿಯೇ ಕೂಡುವ ಸಭೆಯಿದೆ. ಕಡಲಾಚೆಯ ಬ್ರೆಜಿಲ್ ದೇಶದ ಪೋರ್ತೊ ಅಲೆಗ್ರೆ ನಗರದ ಮಾತೂ ಇಲ್ಲಿ ಬರುತ್ತದೆ. 1989ರಲ್ಲಿ ಅಲ್ಲಿಯ ನಗರಾಡಳಿತವು ಹೊಸ ಕಾಮಗಾರಿಗಳ ಹಣವನ್ನು ಎಲ್ಲಿ ವೆಚ್ಚ ಮಾಡಬೇಕೆಂಬುದನ್ನು ಓಣಿ ಓಣಿಯ ಸಭೆಗಳಲ್ಲಿ ಕೇಳಿ ತೀರ್ಮಾನಿಸತೊಡಗಿತು. ಜನ ಮೊದಲು ಕೇಳಿದ್ದು ಉದ್ಯಾನವನ್ನಲ್ಲ, ನೀರು ಮತ್ತು ಚರಂಡಿಯನ್ನು. ವಿಶ್ವಬ್ಯಾಂಕಿನ ಲೆಕ್ಕದಂತೆ 1988ರಲ್ಲಿ ಶೇಕಡಾ 75ರಷ್ಟು ಮನೆಗಳಿಗಿದ್ದ ಈ ಸಂಪರ್ಕ 1997ಕ್ಕೆ ಶೇಕಡಾ 98ಕ್ಕೆ ಏರಿತು.

ನಮ್ಮ ರಾಜ್ಯವೂ ಸುಮ್ಮನೆ ಕುಳಿತಿರಲಿಲ್ಲ. 2011ರಲ್ಲಿ ಮಹಾನಗರಪಾಲಿಕೆಗಳ ಕಾನೂನಿಗೆ ತಿದ್ದುಪಡಿಯಾಗಿ ವಾರ್ಡ ಸಮಿತಿ, ಅದರ ಕೆಳಗೆ ಪ್ರದೇಶ ಸಭೆ ಎಂಬ ವ್ಯವಸ್ಥೆ ಬಂದಿತು. ಸಮಿತಿಗೆ ಹತ್ತು ಜನ ಸದಸ್ಯರು. ಅವರಲ್ಲಿ ಕನಿಷ್ಠ ಮೂವರು ಮಹಿಳೆಯರು, ಇಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು, ಇಬ್ಬರು ನಿವಾಸಿಗಳ ಸಂಘದವರು ಇರಬೇಕು. ಓದಲು ಇಂಪಾಗಿದೆ. ಆದರೆ ಸದಸ್ಯರು ನಾಮಕರಣಗೊಳ್ಳುವವರು, ಜನರಿಂದ ಬಂದವರಲ್ಲ. ನಿಯಮಗಳು ಬರಲು 2016 ಆಯಿತು. ಬೆಂಗಳೂರಿನಲ್ಲಿ ಸಮಿತಿಗಳು ಕೂಡಲು ಉಚ್ಚ ನ್ಯಾಯಾಲಯವು ಒತ್ತಾಯಿಸಬೇಕಾಯಿತು. ಮಂಗಳೂರಿನಲ್ಲಿಯೂ ನಾಗರಿಕರು ನ್ಯಾಯಾಲಯದ ಬಾಗಿಲನ್ನು ತಟ್ಟಿದ ಮೇಲೆಯೇ ಸಮಿತಿಗಳಾದವು. ಇತ್ತ ಬೆಂಗಳೂರಿನ ಚುನಾಯಿತ ಪರಿಷತ್ತಿನ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದು, ವರ್ಷಗಟ್ಟಲೆ ಚುನಾವಣೆಯೇ ಆಗದೆ, 2025ರ ಸೆಪ್ಟೆಂಬರಿನಲ್ಲಿ ಆ ಮಹಾನಗರವು ಐದು ಪಾಲಿಕೆಗಳಾಗಿ ಒಡೆಯಿತು. ಊರಿನ ಪ್ರತಿನಿಧಿಯೇ ಇಲ್ಲದಿದ್ದಾಗ ಸಮಿತಿಯು ಯಾರ ಮುಂದೆ ಕುಳಿತು ಮಾತಾಡಬೇಕು?

ಬೆಂಗಳೂರಿನಿಂದ ನಾವು ಕಲಿಯಬೇಕಾದದ್ದು ಬೇರೆ ಎರಡಿವೆ. ಸ್ಯಾಮ್ಯುಯೆಲ್ ಪಾಲ್ ಅವರ ಪಬ್ಲಿಕ್ ಅಫೇರ್ಸ್ ಸೆಂಟರ್ ಎಂಬ ಸಂಸ್ಥೆಯು ಮನೆ ಮನೆಗೆ ಹೋಗಿ, ನೀರು, ವಿದ್ಯುತ್ತು, ಪಾಲಿಕೆ ಮೊದಲಾದ ಕಛೇರಿಗಳ ಬಗೆಗೆ ಜನರ ಅನುಭವವೇನೆಂದು ಕೇಳಿ, ಶಾಲೆಯ ಮಕ್ಕಳಿಗೆ ಕೊಡುವಂತಹ ಅಂಕಪಟ್ಟಿಯನ್ನು ಆ ಕಛೇರಿಗಳಿಗೆ ಕೊಟ್ಟಿತು. 1994ರಲ್ಲಿ ಮೊದಲನೆಯದು, 1999ರಲ್ಲಿ ಎರಡನೆಯದು, 2003ರಲ್ಲಿ ಮೂರನೆಯದು. ಮೊದಲ ಪಟ್ಟಿಯಲ್ಲಿ ಕಛೇರಿಗಳು ನಪಾಸಾದವೆಂದೇ ಹೇಳಬೇಕು; ಮೂರನೆಯದರ ಹೊತ್ತಿಗೆ ಅಂಕಗಳು ಎದ್ದು ಕಾಣುವಷ್ಟು ಏರಿದ್ದವು. ಬಯ್ಗುಳಕ್ಕೆ ಹೆದರದ ಅಧಿಕಾರಿಯೂ ಅಂಕಕ್ಕೆ ಹೆದರುತ್ತಾನೆ. ಇನ್ನೊಂದು, ಕಸದ ಕಥೆ. ಮಹಾನಗರದ ಕಸವನ್ನು ವರ್ಷಗಳ ಕಾಲ ಮಾವಳ್ಳಿಪುರ, ಮಂಡೂರುಗಳೆಂಬ ಹಳ್ಳಿಗಳಲ್ಲಿ ಸುರಿದರು. 2012ರಲ್ಲಿ ಮಾವಳ್ಳಿಪುರದ ಬಾಗಿಲು ಮುಚ್ಚಿ ನಗರದ ಬೀದಿಗಳು ನಾರಿದವು. 2014ರಲ್ಲಿ ಮಂಡೂರಿನ ಜನ ರಸ್ತೆಗಿಳಿದು, ಆ ವರ್ಷದ ಡಿಸೆಂಬರಿನಿಂದ ಅಲ್ಲಿ ಸುರಿಯುವುದು ನಿಂತಿತು. ಪಟ್ಟಣದ ಗೃಹಿಣಿಯು ಹಸಿ ಕಸವನ್ನೂ ಒಣ ಕಸವನ್ನೂ ಬೇರೆ ಮಾಡುವ ಒಂದು ನಿಮಿಷದ ಶ್ರಮವನ್ನು ತೆಗೆದುಕೊಳ್ಳದಿದ್ದರೆ ಅದರ ಫಲವನ್ನು ಉಣ್ಣುವವರು ಇನ್ನೊಂದು ಹಳ್ಳಿಯ ಮಕ್ಕಳು. ಇದನ್ನು ಯಾವ ಅಧಿಕಾರಿಯೂ ಒಬ್ಬನೇ ಮಾಡಲಾರ.

ಇನ್ನು ಗ್ರಾಮಸಭೆಯಿದ್ದ ಮಾತ್ರಕ್ಕೆ ಬುದ್ರುಕದಂತಹ ಊರುಗಳೆಲ್ಲ ಕೈಲಾಸವಾದವೇ ಎಂದು ವಾಚಕರು ಕೇಳಬಹುದು. ಇಲ್ಲ. ನಾವು ಕಂಡ ಗ್ರಾಮಸಭೆಗಳಲ್ಲಿ ಖಾಲಿ ಕುರ್ಚಿಗಳೇ ಹೆಚ್ಚು. ಮನೆ ಹಂಚುವ ಯಾದಿಯಿದ್ದ ದಿನ ಜನ ತುಂಬುತ್ತಾರೆ, ಹೆಸರು ಬಿಟ್ಟುಹೋದವರು ಕೂಗುತ್ತಾರೆ, ಸಭೆ ಗದ್ದಲದಲ್ಲಿ ಮುಗಿಯುತ್ತದೆ. ಯಾದಿಯಿಲ್ಲದ ದಿನ ನೋಂದಣಿ ಪುಸ್ತಕವು ಮನೆ ಮನೆಗೆ ಹೋಗಿ ಸಹಿಗಳನ್ನು ಕೂಡಿಸಿಕೊಂಡು ಬರುತ್ತದೆ. ಪಂಚಾಯತಿಯಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲಾಗಿದ್ದರೂ ಎಷ್ಟೋ ಕಡೆ ಸದಸ್ಯೆಯ ಪತಿಯೇ ಕುರ್ಚಿಯಲ್ಲಿ ಕುಳಿತು ಉತ್ತರ ಕೊಡುವುದುಂಟು. ಈ ಮಾತು ನಮ್ಮ ಸಮಾಜದ ಮನೆಗಳಿಗೂ ಸಲ್ಲುವುದರಿಂದ ಬಿಚ್ಚಿ ಹೇಳುತ್ತಿದ್ದೇವೆ. ಕೃಷ್ಣಾ ತೀರದ ಊರುಗಳಲ್ಲಿ ನಾವು ಹೊಲವುಳ್ಳವರು, ಎಣಿಕೆಯುಳ್ಳವರು. ನಾವು ಮುಂದಿನ ಸಾಲಿನಲ್ಲಿ ಕುಳಿತು ಮಾತಾಡಿ ಎದ್ದುಹೋದರೆ ಸಭೆ ಮುಗಿಯಿತೆಂದು ಜನ ತಿಳಿಯುತ್ತಾರೆ. ಊರ ಹೊರಗಿನ ಕೇರಿಯ ನಳಕ್ಕೆ ನೀರು ಬರುವುದೇ ಎಂಬ ಪ್ರಶ್ನೆ ಆಮೇಲೆ ಏಳಬೇಕಾಗಿತ್ತು. ಅದು ಏಳುವುದೇ ಇಲ್ಲ. ಸೂಳೆಯೂ ಡೋಹಾರನೂ ಮಂತ್ರಿಯೂ ಒಂದೇ ಹಾಸಿನ ಮೇಲೆ ಕುಳಿತ ಅನುಭವ ಮಂಟಪವನ್ನು ವೇದಿಕೆಯ ಮೇಲೆ ಕೊಂಡಾಡುವ ನಾವು, ನಮ್ಮ ಪಂಚಾಯತಿಯ ಸಭೆಯಲ್ಲಿ ಯಾರು ನಿಂತಿದ್ದಾರೆ, ಯಾರು ಕುಳಿತಿದ್ದಾರೆ ಎಂಬುದನ್ನು ಒಮ್ಮೆ ನೋಡಬೇಕು.

ಸಭೆಯು ನಿಜವಾಗಿ ಬೇಕಾಗುವುದು ಕಷ್ಟಕಾಲದಲ್ಲಿ. 2019ನೆಯ ವರ್ಷವನ್ನು ಈ ಸೀಮೆಯವರು ಮರೆಯಲಾರರು. ಬೇಸಿಗೆಯಲ್ಲಿ ಕೃಷ್ಣೆ ಬತ್ತಿ ಮರಳು ತೋರಿತು. ಅಥಣಿ, ಚಿಕ್ಕೋಡಿ, ರಾಯಬಾಗ ಸೀಮೆಯ ಜನ ಕೊಯ್ನಾ ಜಲಾಶಯದಿಂದ ನೀರು ಬಿಡುವಂತೆ ಮಹಾರಾಷ್ಟ್ರದತ್ತ ಮುಖ ಮಾಡಿ ಕುಳಿತರು. ಅದೇ ವರ್ಷದ ಆಗಸ್ಟಿನಲ್ಲಿ ಅದೇ ನದಿ ದಂಡೆ ದಾಟಿ ಊರುಗಳನ್ನು ಹೊಕ್ಕಿತು. ಕುಡಚಿ-ಉಗಾರ ಸೇತುವೆ ನೀರಿನಡಿ ಹೋಗುವುದು ಮಳೆಗಾಲದ ಪ್ರತಿವರ್ಷದ ಸುದ್ದಿಯಾಗಿದ್ದರೂ ಆ ವರ್ಷದ ನೀರು ಬೇರೆಯಾಗಿತ್ತು. 2005ರಲ್ಲಿ ಕಂಡವರು ಇದು ಅದಕ್ಕೂ ಮಿಗಿಲೆಂದರು. 2021ರ ಜುಲೈನಲ್ಲಿ ಮತ್ತೆ ಪ್ರವಾಹ. 2019ರಲ್ಲಿ ಪೂರ್ತಿ ಬಿದ್ದ ಮನೆಗೆ ಐದು ಲಕ್ಷ ರೂಪಾಯಿ ಪರಿಹಾರವನ್ನು ಸರ್ಕಾರ ಘೋಷಿಸಿತು. ಮನೆಗಳನ್ನು ಹಾನಿಯ ಪ್ರಮಾಣಕ್ಕೆ ತಕ್ಕಂತೆ 'ಎ', 'ಬಿ', 'ಸಿ' ಎಂದು ವಿಂಗಡಿಸಿದರು. ಒಂದು ಅಕ್ಷರದ ಅಂತರದಲ್ಲಿ ಲಕ್ಷಾಂತರ ರೂಪಾಯಿಗಳ ಅಂತರ. ಇಂತಹ ಯಾದಿಯು ಕಛೇರಿಯ ಕಪಾಟಿನಲ್ಲಿದ್ದರೆ ಅದು ಸಂಶಯದ ಬೀಜ; ಊರ ಸಭೆಯಲ್ಲಿ ಗಟ್ಟಿಯಾಗಿ ಓದಿದರೆ ಬಿದ್ದ ಗೋಡೆಯನ್ನು ಕಂಡ ನೆರೆಯವರೇ ಅದಕ್ಕೆ ಸಾಕ್ಷಿ. ಇಲ್ಲದ ಮನೆ ಸೇರಿದ್ದರೆ ಯಾರೋ ಒಬ್ಬರು ಕೆಮ್ಮುತ್ತಾರೆ. ಬಿದ್ದ ಮನೆ ಬಿಟ್ಟುಹೋಗಿದ್ದರೆ ವಿಧವೆಯ ಪರವಾಗಿ ಪಕ್ಕದ ಮನೆಯವಳು ಏಳುತ್ತಾಳೆ. ನೀರು ಮೊದಲು ಯಾವ ಓಣಿಗೆ ನುಗ್ಗುತ್ತದೆ, ದನಗಳನ್ನು ಎಲ್ಲಿಗೆ ಹೊಡೆಯಬೇಕು, ಯಾವ ಮನೆಯಲ್ಲಿ ನಡೆಯಲಾರದ ವೃದ್ಧರಿದ್ದಾರೆ ಎಂಬುದು ಬೆಳಗಾವಿಯ ಕಛೇರಿಯ ನಕ್ಷೆಯಲ್ಲಿ ಇರುವುದಿಲ್ಲ. ಓಣಿಯವರ ನೆನಪಿನಲ್ಲಿರುತ್ತದೆ. ಆ ನೆನಪನ್ನು ಮಳೆಗಾಲಕ್ಕೆ ಮುನ್ನ, ಮೃಗಶಿರೆ ಕೂಡುವುದರೊಳಗೆ, ಸಭೆಯಲ್ಲಿ ಕುಳಿತು ಬರೆದಿಡುವುದಕ್ಕೆ ಹಣವೇನೂ ಬೇಕಾಗಿಲ್ಲ. ನದಿಯಂತೂ ಬುದ್ರುಕ ಯಾವುದು, ಖುರ್ದ ಯಾವುದು, ಪಂಚಾಯತಿಯ ಎಲ್ಲೆ ಎಲ್ಲಿ ಮುಗಿಯಿತು, ಪುರಸಭೆಯ ಎಲ್ಲೆ ಎಲ್ಲಿ ಆರಂಭವಾಯಿತು ಎಂದು ಕೇಳಿ ಬರುವುದಿಲ್ಲ. ಈ ಎರಡು ಊರುಗಳ ಸಭೆ ಒಂದಾಗಿ ಕೂಡಬೇಕಾದ ವಿಷಯ ಯಾವುದಾದರೂ ಇದ್ದರೆ ಅದು ಇದೇ.

ಪಟ್ಟಣದವರು ಕಾನೂನು ಬದಲಾಗುವವರೆಗೆ ಕೈಕಟ್ಟಿ ಕೂಡಬೇಕೆಂದೇನೂ ಇಲ್ಲ. ಪುರಸಭೆ, ಪಟ್ಟಣ ಪಂಚಾಯತಿಗಳು ಆಯವ್ಯಯವನ್ನು ಸಿದ್ಧಪಡಿಸುವ ಮೊದಲು ಸಾರ್ವಜನಿಕರನ್ನು ಕರೆದು ಕೇಳಬೇಕೆಂದು ನಮ್ಮ ರಾಜ್ಯದ 2006ರ ಲೆಕ್ಕಪತ್ರ ಮತ್ತು ಆಯವ್ಯಯ ನಿಯಮಗಳು ಹೇಳುತ್ತವೆ. ಪೂರ್ವಭಾವಿ ಸಭೆಯೆಂದು ಪತ್ರಿಕೆಯ ಮೂಲೆಯಲ್ಲಿ ಸಣ್ಣ ಸುದ್ದಿ ಬರುತ್ತದೆ. ಹೋಗುವವರು ಬೆರಳೆಣಿಕೆಯ ಜನ. ಆ ಸಭೆಗೆ ಹೋಗುವ ಮುನ್ನ ವಾರ್ಡಿನವರು ತಮ್ಮ ಗುಡಿಯ ಕಟ್ಟೆಯ ಮೇಲೋ ಮಠದ ಅಂಗಳದಲ್ಲೋ ಶಾಲೆಯ ಕೋಣೆಯಲ್ಲೋ ಕೂಡಿ, ಈ ವರ್ಷ ನಮಗೆ ಆಗಬೇಕಾದ ಒಂದೇ ಕೆಲಸ ಯಾವುದೆಂದು ತೀರ್ಮಾನಿಸಿ ಬರೆದುಕೊಂಡು ಹೋಗಲಿ. ಹತ್ತು ಕೇಳಿದರೆ ಹತ್ತೂ ಕಡತದಲ್ಲಿ ಮಲಗುತ್ತವೆ. ವಾರ್ಡಿನ ಸದಸ್ಯರನ್ನು ಆ ಕಟ್ಟೆಗೆ ಕರೆಯಲಿ. ಬರಬಾರದೆಂದು ಯಾವ ಕಾನೂನೂ ತಡೆಯುವುದಿಲ್ಲ, ಬಾರದಿದ್ದರೆ ಮುಂದಿನ ಚುನಾವಣೆಯಲ್ಲಿ ಓಣಿಗೆ ಬಂದಾಗ ಕೇಳಲು ಒಂದು ಪ್ರಶ್ನೆಯಂತೂ ಆಯಿತು. ಮೊದಲ ಸಭೆಯಲ್ಲಿ ದೂರುಗಳೇ ಬರುತ್ತವೆ, ಎರಡನೆಯದರಲ್ಲಿ ಜಗಳವಾಗುತ್ತದೆ. ನಾಲ್ಕನೆಯದರ ಹೊತ್ತಿಗೆ ಗಟಾರದ ಮೇಲೆ ಮೆಟ್ಟಿಲು ಕಟ್ಟಿದವರು ಯಾರೆಂಬ ಮಾತು ಬರುತ್ತದೆ, ಆಗ ಎಲ್ಲರೂ ತುಸು ಸುಮ್ಮನಾಗುತ್ತಾರೆ. ಪುರಸಭೆಯು ಮಾಡಬೇಕಾದದ್ದು ಯಾವುದು, ಮನೆಯವರು ಮಾಡಬೇಕಾದದ್ದು ಯಾವುದು ಎಂಬ ವಿಂಗಡಣೆ ಆರಂಭವಾಗುವುದು ಅಲ್ಲಿಂದ.

ಇಷ್ಟನ್ನು ಸಂಘಟಿಸುವ ಶಕ್ತಿ ನಮ್ಮ ಜನರಿಗಿಲ್ಲವೆಂದು ಯಾರೂ ಹೇಳಲಾರರು. ಜಾತ್ರೆಯ ದಿನಗಳಲ್ಲಿ ಸಾವಿರಾರು ಜನರಿಗೆ ದಾಸೋಹ ನಡೆಯುತ್ತದೆ. ಕಟ್ಟಿಗೆ ಯಾರು ತರಬೇಕು, ನೀರಿನ ಟ್ಯಾಂಕರ್ ಎಲ್ಲಿ ನಿಲ್ಲಬೇಕು, ಎಂಜಲೆಲೆಯನ್ನು ಎಲ್ಲಿಗೆ ಒಯ್ಯಬೇಕು, ಪಟ್ಟಿ ಎಷ್ಟು ಕೂಡಿತು, ವೆಚ್ಚ ಎಷ್ಟಾಯಿತು, ಎಲ್ಲಕ್ಕೂ ಲೆಕ್ಕವಿದೆ, ಎಲ್ಲಕ್ಕೂ ಒಬ್ಬ ಹೊಣೆಗಾರನಿದ್ದಾನೆ. ಜಾತ್ರಾ ಕಮೀಟಿಯ ಲೆಕ್ಕವನ್ನು ಎಲ್ಲರೆದುರು ಓದಲೇಬೇಕು. ಓದದಿದ್ದರೆ ಮರುವರ್ಷ ಪಟ್ಟಿಯೇ ಹುಟ್ಟುವುದಿಲ್ಲ. ಐದು ದಿನದ ಜಾತ್ರೆಯಲ್ಲಿ ಮಾಡುವುದನ್ನು ಉಳಿದ ಮುನ್ನೂರ ಅರವತ್ತು ದಿನ ಊರಿನ ನೀರಿಗೂ ಕಸಕ್ಕೂ ಮಾಡಲಾಗದೆ? ಒಂದು ಎಚ್ಚರಿಕೆ ಮಾತ್ರ: ಮಠದ ಅಂಗಳದಲ್ಲಿ ಕೂಡುವ ಸಭೆಯು ಮಠದ ಸಭೆಯಾಗಬಾರದು, ಒಂದು ಪಕ್ಷದ ಸಭೆಯಂತೂ ಆಗಲೇಬಾರದು. ಆ ಅಂಗಳಕ್ಕೆ ಬರಲು ಸಂಕೋಚಪಡುವವರು ಓಣಿಯಲ್ಲಿದ್ದರೆ ಸಭೆಯನ್ನು ಶಾಲೆಗೆ ಒಯ್ಯಬೇಕು.

ಬುದ್ರುಕದ ಬಂಧುಗಳಿಗೆ ಇನ್ನೊಂದು ಮಾತು ಹೇಳುವುದಿದೆ. ಜನಸಂಖ್ಯೆ, ವರಮಾನ, ಬೇಸಾಯವನ್ನು ಬಿಟ್ಟ ಕಸುಬುಗಳ ಪ್ರಮಾಣ, ಇವುಗಳನ್ನು ನೋಡಿ ಸರ್ಕಾರವು ಹಳ್ಳಿಯನ್ನು ಪಟ್ಟಣವೆಂದು ಸಾರುತ್ತದೆ. ಸುತ್ತಲಿನ ಊರುಗಳ ಸರದಿ ಬಂದಂತೆ ಒಂದಿಲ್ಲೊಂದು ದಿನ ನಿಮ್ಮ ಸರದಿಯೂ ಬರಬಹುದು. ಅಂತಿಮವಾಗಿ ಸಾರುವ ಮೊದಲು ಕರಡು ಅಧಿಸೂಚನೆಯನ್ನು ಹೊರಡಿಸಿ, ಆಕ್ಷೇಪಣೆ ಮತ್ತು ಸಲಹೆಗಳನ್ನು ಕೇಳುವುದು ಕ್ರಮ. ಬಹಳ ಊರುಗಳಲ್ಲಿ ಆ ಅವಧಿ ಯಾರ ಗಮನಕ್ಕೂ ಬಾರದೆ ಕಳೆದುಹೋಗುತ್ತದೆ, ಇಲ್ಲವೆ ಮನೆಪಟ್ಟಿಯ ಮಾತೊಂದೇ ಆಗಿ ಮುಗಿಯುತ್ತದೆ. ಆ ದಿನ ಬಂದರೆ ನೀವು ಗ್ರಾಮಸಭೆಯಲ್ಲಿ ಕೂಡಿ ಒಂದು ಠರಾವನ್ನು ಬರೆಯಿರಿ: ನಮ್ಮ ಊರನ್ನು ಪಟ್ಟಣ ಮಾಡುವುದಾದರೆ ಮಾಡಿ, ಆದರೆ ಆರು ತಿಂಗಳಿಗೊಮ್ಮೆ ನಮ್ಮ ವಾರ್ಡಿನಲ್ಲಿ ಕೂಡುತ್ತಿದ್ದ ಸಭೆಯನ್ನು, ಕೇರಳದಲ್ಲಿ ಇಟ್ಟಂತೆ, ಪಟ್ಟಣದಲ್ಲಿಯೂ ಇಡಿ. ಅದರ ಒಂದು ಪ್ರತಿಯನ್ನು ನಿಮ್ಮ ಶಾಸಕರಿಗೆ ಕೊಡಿ, ಏಕೆಂದರೆ ಕಾನೂನು ಬದಲಾಗಬೇಕಾದದ್ದು ವಿಧಾನಸಭೆಯಲ್ಲಿ. ಇನ್ನೊಂದನ್ನು ಖುರ್ದದ ನೆರೆಯವರಿಗೆ ಕೊಟ್ಟು, ಅವರೂ ಸಹಿ ಹಾಕುವರೇ ಕೇಳಿ.